ಹಾಡಿನ ನಡುವೆ ಎದ್ದು ಹೋದವನು

ಮುರುಗೇಶನ ಮನೆಯವರಾದ ಪ್ರೇಮಲತಾ ಅವರೇ, ಅವನ ಮಗಳು ತೇಜಸ್ವಿನಿ, ಶ್ರೀರಾಂಪುರದಿಂದ ಬಂದಿರುವ ಬಂಧುಗಳೇ, ನಮ್ಮ ಆರ್ಕೆಸ್ಟ್ರಾ ಬಳಗದವರೇ — ಎಲ್ಲರಿಗೂ ಕೈಮುಗಿಯುತ್ತೇನೆ. ನಾನು ವೆಂಕಟಾಚಲ, ಕೀಬೋರ್ಡಿನವನು. ನಮ್ಮನ್ನು ಬಿಟ್ಟು ಹೋದ ತಮಟೆ ಮುರುಗೇಶನ ಪಕ್ಕದಲ್ಲಿ ಮೂವತ್ತೆರಡು ವರ್ಷ ನಿಂತು ನುಡಿಸಿದವನು. ಅವನನ್ನು ನೆನೆಯೋಕೆ ಬಂದಿದ್ದೇನೆ, ಒಂದು ತಪ್ಪು ಒಪ್ಪಿಕೊಳ್ಳೋಕೂ ಬಂದಿದ್ದೇನೆ. ಮೆಲ್ಲಗೆ ಮಾತಾಡಿ ಅಂತ ಈ ಸಭೆ ನಡೆಸ್ತಿರೋ ಸಂಘದವರು ಹೇಳಿದ್ದಾರೆ. ಮುರುಗೇಶನ ವಿಷಯ ಮೆಲ್ಲಗೆ ಹೇಳೋದು ಹೇಗೆ ಸ್ವಾಮಿ? ಆಗಲ್ಲ!

"ಕನಕಾಂಬರ ಕಮಲಿ" — ಈ ಹಾಡಿಗೆ ಕುಣಿಯದವರು ಇಲ್ಲಿ ಯಾರಾದರೂ ಇದ್ದರೆ ಕೈ ಎತ್ತಿ. ನೋಡಿ — ಒಂದು ಕೈಯೂ ಇಲ್ಲ! ಗಣೇಶನ ಮೆರವಣಿಗೆ, ಅಣ್ಣಮ್ಮನ ಉತ್ಸವ, ಮದುವೆ ಆರತಕ್ಷತೆ, ಎಲ್ಲ ಕಡೆ ಅದೇ. ಎರಡನೇ ಚರಣ ಮುಗೀತಿದ್ದ ಹಾಗೆ ವಾದ್ಯಗಳೆಲ್ಲ ಗಪ್‌ಚಿಪ್. ಕುಣಿಯುವವರು ಕೈ ಮೇಲೆತ್ತಿ ಹಾಗೇ ನಿಲ್ಲಬೇಕು. ಎಂಟು ಎಣಿಸುವಷ್ಟು ಹೊತ್ತು. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಬೇಕು — "ಎಲ್ಲಿ ಹೋದ್ಯೋ? ಬಾರೋ ಬೇಗ!" ಆಗ ತಮಟೆ ಬೀಳುತ್ತೆ. ಅಬ್ಬಾ! ಹಾಡು ಗೆದ್ದದ್ದೇ ಆ ಜಾಗದಲ್ಲಿ.

ಆ ಮೌನ ಹುಟ್ಟಿದ್ದು ಹೇಗೆ? ಕೇಳಿ.

ಅದು ಕ್ಯಾಸೆಟ್ ಕಾಲ. ಚಾಮರಾಜಪೇಟೆಯಲ್ಲಿ ಮಹಡಿ ಮೇಲೊಂದು ಸ್ಟುಡಿಯೋ. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಸಲಕ್ಕೆ ನುಡಿಸಬೇಕು. ತಮಟೆ ಗೊತ್ತಲ್ಲ — ಬೆಂಕಿಗೆ ಹಿಡಿದು ಕಾಯಿಸದಿದ್ದರೆ ಚರ್ಮ ಸಡಿಲವಾಗಿ ನೆನೆದ ಹಪ್ಪಳದ ಹಾಗೆ ಆಗುತ್ತೆ. ಸ್ಟುಡಿಯೋ ಒಳಗೆ ಬೆಂಕಿ ಹಚ್ಚೋಕೆ ಯಾರು ಬಿಡ್ತಾರೆ? ಮುರುಗೇಶ ಕೆಳಗೆ ಫುಟ್‌ಪಾತಿನಲ್ಲಿ ಹಳೇ ಪೇಪರ್ ಹಚ್ಚಿ ಕಾಯಿಸಿಕೊಂಡು ಬಂದ. ಒಳಗೆ ಏಸಿ! ಎರಡನೇ ಚರಣದ ಹೊತ್ತಿಗೆ ಚರ್ಮ ಇಳಿದುಹೋಯಿತು. ಬೇರೆ ಯಾರಾದರೂ ಆಗಿದ್ದರೆ ಹೇಗೋ ತಟ್ಟಿ ಮುಗಿಸ್ತಿದ್ದರು. ನಮ್ಮ ಮುರುಗೇಶ — ಕೆಂಪು ದೀಪ ಉರೀತಿದೆ, ಟೇಪ್ ಓಡ್ತಿದೆ — ಎದ್ದ, ಬಾಗಿಲು ತೆಗೆದ, ಹೋಗೇಬಿಟ್ಟ! ಸತ್ತ ತಮಟೆ ಬಾರಿಸೋದು ಅವನ ಪಾಲಿಗೆ ಪಾಪ.

ತಾಳವೇ ಎದ್ದು ಹೋದ ಮೇಲೆ ನಾವೇನು ನುಡಿಸೋಣ? ಹೀಗೆ — ಕೈ ಗಾಳಿಯಲ್ಲಿ — ನಿಂತುಬಿಟ್ಟೆವು. ಕೊನೆಗೆ ನಮ್ಮ ಹಾಡುಗಾರ್ತಿ ಸುಪ್ರಜಾ, ಅಗೋ ಮೊದಲ ಸಾಲಲ್ಲಿ ಕೂತಿದ್ದಾರೆ, ತಡೆಯಲಾರದೆ ಮೈಕಿನಲ್ಲೇ ಕೂಗಿದರು: "ಎಲ್ಲಿ ಹೋದ್ಯೋ? ಬಾರೋ ಬೇಗ!" ಮೆಟ್ಟಿಲ ಮೇಲೆ ದಡದಡ ಸದ್ದು. ಬಾಗಿಲಲ್ಲೇ ಶುರು ಮಾಡಿದ ನೋಡಿ — ಜಣಕು ಜಣಕು ಜಣ! ನಮ್ಮ ಕೈ ತಾನಾಗೇ ಓಡಿತು.

ಮುಗಿದ ಮೇಲೆ ನಾನು ಬೈದೆ. "ಎಲ್ಲಾ ಹಾಳ್ ಮಾಡ್ಬಿಟ್ಟಲ್ಲೋ!" ಅಂದೆ. ಆಮೇಲೆ ಟೇಪ್ ಹಾಕಿ ಕೇಳ್ತಿದ್ದೇವೆ — ಹೊರಗೆ ತಮ್ಮ ಸರದಿಗೆ ಕಾಯ್ತಿದ್ದ ಭಜನಾ ಮಂಡಳಿಯ ಹೆಂಗಸರು, ಕೈಯಲ್ಲಿ ತಾಳ ಹಿಡಿದುಕೊಂಡೇ, ಮೆಟ್ಟಿಲ ಮೇಲೆ ಕುಣೀತಿದ್ದಾರೆ! ಸ್ಟುಡಿಯೋ ಇಂಜಿನಿಯರ್ ಮೂರು ನಿಮಿಷದ ಖಾಲಿ ಟೇಪನ್ನು ಕತ್ತರಿಸಿ ಎಂಟು ಎಣಿಕೆಗೆ ತಂದು, "ಇದೇ ಇರ್ಲಿ" ಅಂದರು.

ಇಷ್ಟು ಹೇಳಿ ಕೂತುಕೊಂಡರೆ ನಾನು ಕಳ್ಳ. ಹಾಡು ಗೆದ್ದು ಎಷ್ಟೋ ವರ್ಷದ ಮೇಲೆ ಟೀವಿಯವರು ಕೇಳಿದರು — "ಆ ಮೌನದ ಐಡಿಯಾ ಯಾರ್ದು ಸಾರ್?" ನಾನು — ಹೀಗೆ ಮೀಸೆ ಮುಟ್ಟಿಕೊಂಡು — "ನಂದೇ" ಅಂದೆ. ಹೌದು, ಹಾಗೇ ಅಂದೆ. ಮುರುಗೇಶ ಅದನ್ನು ಶ್ರೀರಾಂಪುರದ ಟೀ ಅಂಗಡಿಯಲ್ಲಿ ನಿಂತು ನೋಡಿದ್ದ. ಮಾರನೇ ದಿನ ವೇದಿಕೆಯಲ್ಲಿ ಕೇಳಿದ್ದು ಒಂದೇ ಮಾತು: "ಏನ್ ಗುರು, ಕೀಬೋರ್ಡ್ ಕಾಯ್ಸೋಕೆ ನೀನ್ ಯಾವಾಗ ಮೆಟ್ಲಿಳಿದೆ?" ಕೇಳಿ, ಜೋರಾಗಿ ನಕ್ಕ. ಅಲ್ಲಿಂದ ಮುಂದೆ ಪ್ರತಿ ಕಾರ್ಯಕ್ರಮದಲ್ಲೂ ಆ ಎಂಟು ಎಣಿಕೆ ಬಂದಾಗ ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸೋನು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ. ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ವರ್ಷಗಳೇ ಕಳೆದುಹೋದವು. ತೇಜಸ್ವಿನಿ, ಎಲ್ಲರ ಮುಂದೆ ಹೇಳ್ತಿದೀನಿ ಕಣಮ್ಮ — ಆ ಮೌನ ನಿಮ್ಮಪ್ಪಂದು. ಅವನ ಕಿವಿಗೆ ಬೀಳೋ ಹಾಗೆ ಹೇಳಲಿಲ್ಲ. ನನಗೆ ನಾಚಿಕೆಯಾಗುತ್ತೆ.

ಮೊನ್ನೆ ಅವನನ್ನು ಹೊತ್ತು ಹೊರಟಾಗ ಬೀದಿಯ ತಮಟೆಯವರು ಅದೇ ಹಾಡು ಬಾರಿಸಿದರು. ಆ ಜಾಗ ಬಂತು. ನಿಲ್ಲಿಸಿದರು. ಇಡೀ ಬೀದಿ ಅಭ್ಯಾಸಬಲದಿಂದ ಕೂಗಿಬಿಟ್ಟಿತು — "ಎಲ್ಲಿ ಹೋದ್ಯೋ? ಬಾರೋ ಬೇಗ!" ಆಮೇಲೆ ಯಾರಿಗೂ ಕೋಲು ಎತ್ತೋಕೆ ಆಗಲಿಲ್ಲ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಎರಡು ನಿಮಿಷ. ಎಂಟು ಎಣಿಸಿದ ಮೇಲೆ ಆ ಮಾತು ನಾಲಿಗೆ ತುದಿಗೆ ಬರುತ್ತೆ, ನನಗೂ ಬರುತ್ತೆ — ಯಾರೂ ಕೂಗಬೇಡಿ. ಈ ಸಲ ಅವನು ಹೋದದ್ದು ತಮಟೆ ಕಾಯಿಸೋಕಲ್ಲ.