ಕೆಂಚಮ್ಮನ ಇಟ್ಟಿಗೆ

ನಗಾಡೋರು ಈಗ್ಲೇ ಎದ್ದು ಹೋಗಿ. ಇದು ನನ್ನ ತಂಗಿ ಮಗ ತಿಮ್ಮರಾಜುಗೆ ಹೋದ ಮಾಗಿಲಿ ಆಗಿದ್ದು.

ಮಿಡಿಗೇಶಿಯಿಂದ ರಾತ್ರಿ ಹತ್ತಕ್ಕೆ ನಡ್ಕಂಡು ಬರ್ತಿದ್ದ. ಕೈಯಲ್ಲಿ ಸೋಡ, ಗ್ಯಾಸಿನ ಮಾತ್ರೆ. ಹೆಂಡ್ತಿ ತೇಜಸ್ವಿನಿಗೆ ಎರಡು ದಿನದಿಂದ ಹೊಟ್ಟೆನೋವು. ನನ್ನ ತಂಗಿ, ಅವಳ ಅತ್ತೆ ಮಹಾರಾಯ್ತಿ, "ಹೊಕ್ಳು ಜಾರೈತೆ" ಅಂತ ಹರಳೆಣ್ಣೆ ಹಚ್ಚಿ ನೀವಿದ್ದೇ ನೀವಿದ್ದು. ಸೊಸೆ ಕಿರುಚಿದ್ರೆ "ಗೇಯಕ್ಕೆ ಸೋಮಾರಿತನ, ನಾಟ್ಕ ಆಡ್ತಾಳೆ" ಅಂತ ಬೀದಿಗೆಲ್ಲ ಕೇಳೋ ಹಂಗೆ ಬೈತಿದ್ಲು.

ಆಲದ ಮರದ ಕೆಳಗೆ ಹಳೇ ಬಾವಿ... ನೀರು ಬತ್ತಿ, ರಾಟೆ ಯಾರೋ ಕದ್ದು ಮಾರ್ಕಂಡು ಹದಿನೈದು ವರ್ಷ ಆಯ್ತು. ಅಲ್ಲಿ ರಾಟೆ ಸದ್ದು. ಕಿರ್ರ್... ಕಿರ್ರ್... ಆಮೇಲೆ ಕಟಕಟ ಹಲ್ಲು ಕಡಿಯೋ ಸದ್ದು. ಕಟ್ಟೆ ಮೇಲೊಬ್ಬ ಹೆಂಗಸು. ಬಲಗಾಲು ಮಡಚಿ, ಬಲಗಡೆ ಕಿಬ್ಬೊಟ್ಟೆ ಹಿಡ್ಕಂಡು ಕೂತಿದ್ಲು.

"ಸೋಡ ಹೆಂಡ್ತಿಗೇನಪ್ಪ? ನೋವು ಮೊದ್ಲು ಹೊಕ್ಳ ಸುತ್ತ ಬಂತಾ?" ಅಂತ ಪಿಸುಗುಟ್ಟಿದ್ಲು.

"ಹೂಂ ಕಣಮ್ಮ."

"ಆಮ್ಯಾಕೆ ಬಲಕ್ಕೆ ಇಳೀತಾ?"

"ಹೂಂ..."

"ವಾಂತಿ? ಜ್ವರ? ಕೆಮ್ಮಿದ್ರೆ ಚುಚ್ತದಾ?"

ಎಲ್ಲಾ ಹೌದು. ಅಷ್ಟರಲ್ಲಿ ನನ್ನ ತಂಗಿ ಫೋನು. "ಲೇ ತಿಮ್ಮ, ನೋವು ನಿಂತೋಯ್ತು ಕಣ್ಲಾ! ನನ್ನ ಕೈಗುಣ. ಬಂದು ಮುದ್ದೆ ಉಣ್ಣು."

"ನಿಂತೋಯ್ತಂತಮ್ಮ" ಅಂದ ಇವನು, ನಗ್ತಾ.

"ನಂಗೂ ನಿಂತಿತ್ತು" ಅಂದ್ಲು. "ಒಂದ್ ಗಳಿಗೆ... ಒಳಗೆ ಒಡೀತು ಅಂದ್ರೆ ಅಂಗೇ ನಿಲ್ಲೋದು. ಓಡು."

ನೋಡ್ತಾನೆ, ಕಟ್ಟೆ ಖಾಲಿ.

ಓಡಿ ಬಂದು ಹೆಂಡ್ತಿ ಹೊಟ್ಟೆ ಮುಟ್ಟಿದ್ರೆ ಹಲಗೆ. ಮೈ ಕೆಂಡ. ನನ್ನ ತಂಗಿ ಬಾಗಿಲಿಗೆ ಅಡ್ಡ ನಿಂತು, "ನೋವಿಲ್ದೋಳ್ನ ಆಸ್ಪತ್ರೆಗೆ ಹೊತ್ಕಂಡ್ ಹೋಗಕ್ಕೆ ನಾಚ್ಕೆ ಆಗಲ್ವೇನ್ಲಾ?" ಅಂದ್ಲು. ಪಕ್ಕದ ಮನೆಯಿಂದ ಬಂದ ನಾನೇ ಅವಳ ರಟ್ಟೆ ಹಿಡಿದು ಆಚೆಗೆ ಎಳೆದೆ. ಅತೀಕನ ಗೂಡ್ಸ್ ಆಟೋದಲ್ಲಿ ಮಧುಗಿರಿಗೆ ಹೋದ್ವಿ. "ಅಪೆಂಡಿಕ್ಸ್ ಒಡೆದೈತೆ. ಬೆಳಗಾಗಿದ್ರೆ ಕಷ್ಟ ಇತ್ತು. ಹೊಟ್ಟೆ ನೀವಿದ್ದು ಯಾರ್ರೀ?" ಅಂತ ಡಾಕ್ಟ್ರು ಬೈದ್ರು. ಜೊತೆಗೆ ಬಂದಿದ್ದ ಮಹಾರಾಯ್ತಿ ಹರಳೆಣ್ಣೆ ಕೈನ ಸೆರಗಿಗೆ ಒರೆಸ್ಕಂಡ್ಲು. ಹುಡುಗಿ ಉಳ್ಕಂಡ್ಲು.

ಆ ಹೆಂಗಸು ಯಾರು ಅಂತ ತಿಮ್ಮರಾಜುಗೆ ಗೊತ್ತಿಲ್ಲ. ನಂಗೊತ್ತು. ನಮ್ಮೂರ ಶಂಕರಲಿಂಗಪ್ಪನ ಮೊದಲ ಹೆಂಡ್ತಿ ಕೆಂಚಮ್ಮ. ಇಪ್ಪತ್ತು ವರ್ಷದ ಹಿಂದೆ ಆ ಬಾವಿಲಿ ನೀರು ಸೇದ್ತಿದ್ದಾಗ್ಲೇ ಇದೇ ನೋವು ಬಂದು ಕಟ್ಟೆ ಮೇಲೆ ಕೂತಿದ್ಲು. ಆ ಕಟುಕ ಆಸ್ಪತ್ರೆ ಮೆಟ್ಲು ಹತ್ತಿಸ್ಲಿಲ್ಲ. ಮಣ್ಣಾದ ಮೇಲೆ "ಬಸಿರು ತೆಗೆಸ್ಕಂಡು ಸತ್ಲು" ಅಂತ ಊರಿಗೆಲ್ಲ ಹೇಳಿ, ಮೂರೇ ತಿಂಗಳಿಗೆ ಇನ್ನೊಬ್ಬಳನ್ನ ಕಟ್ಕಂಡ. ಆ ಮಾತ್ನ ಮನೆಮನೆಗೆ ಹಂಚಿದ್ದು ಯಾರು? ಈ ಹಾಳು ಬಾಯಿ! ಯಾರ ಬಸಿರು ಅಂತ ಹೆಸರೂ ನಾನೇ ಸೇರಿಸಿದ್ದೆ. ಉಗೀರಿ ನಂಗೆ.

ಇಟ್ಟಿಗೆ ಕಾಯಿಸಿ, ನನ್ನ ಹಸಿರು ಸೀರೆ ಹರಿದು ಸುತ್ತಿ, ಕಾವಿಗೆ ಅಂತ ಅವಳ ಹೊಟ್ಟೆ ಮೇಲಿಟ್ಟವಳೂ ನಾನೇ. ಹೆಣದ ಜೊತೆ ಅದನ್ನೂ ಗುಂಡಿಗೆ ಹಾಕಿದ್ರು.

ಆಸ್ಪತ್ರೆಯಿಂದ ಬೆಳಗಿನ ಜಾವ ವಾಪಸ್ ಬರ್ತಾ ಬಾವಿ ಹತ್ರ ಇಳಿದೆ. ಮಂಜು ಸುರೀತಿತ್ತು. ಸುಳ್ಳಾಡಿದ್ರೆ ಈ ನಾಲಗೆ ಬಿದ್ದೋಗ್ಲಿ... ಕಟ್ಟೆ ಮೇಲೆ ಒಂದು ಇಟ್ಟಿಗೆ. ಹಸಿರು ಸೀರೆ ಚೂರು ಸುತ್ತಿತ್ತು.

ಮುಟ್ಟಿದೆ. ಇನ್ನೂ ಬಿಸಿ ಇತ್ತು.