ರಾಜಗೋಪಾಲನ ಚಿರತೆ

ಹೊಟ್ಟೆಕಿಚ್ಚಾ? ಈ ಗೋಪೀನಾಥಂಗಾ? ಏನ್ ಮಾತು ಅಂತ ಆಡ್ತೀಯೋ ಭಾಸ್ಕರ! ಕನ್ನಡ ಸಂಘದ ಫೋಟೋ ಕಾಂಪಿಟಿಷನ್ನಿಗೆ ನೀನು ಜಡ್ಜು, ಒಂದು ಮಾತು ಕಿವಿಗೆ ಹಾಕೋಣ ಅಂತ ಬಂದೆ, ಅಷ್ಟೇ. ತಗೋ, ನನ್ನ ಬನ್ನೂ ನೀನೇ ತಿನ್ನು... ಲಂಚ ಅಲ್ಲ ಕಣೋ, ಇಲ್ಲಿನವರ ಕಾಫಿ-ಬನ್ನಿನ ಶಾಸ್ತ್ರ, ಫಿಕಾ!

ಆ ರಾಜಗೋಪಾಲನ ಚಿರತೆ ಫೋಟೋ ಇದೆಯಲ್ಲ... ನಂಗ್ಯಾಕೋ ಡೌಟು. ರಜೆಗೆ ಒಟ್ಟಿಗೇ ಸಫಾರಿಗೆ ಹೋಗಿದ್ವಲ್ಲ, ಅದೇ ತಾಂಜಾನಿಯಾ, ಅದೇ ಕಾಡು, ಅದೇ ದಿನ. ಅವರೊಂದು ಜೀಪು, ನಾವೊಂದು ಜೀಪು. ನಮಗೆ ಸಿಕ್ಕಿದ್ದೇನು? ಕಾಡುಹಂದಿ. ಆಮೇಲೆ ಇನ್ನೊಂದು ಕಾಡುಹಂದಿ. ಆಮೇಲೆ ಆನೆ ಅಂತ ಅರ್ಧ ಗಂಟೆ ನೋಡಿದ್ವಿ... ಬಂಡೆ. ಅವನಿಗೆ ಮಾತ್ರ ಕೊಂಬೆ ಮೇಲೆ ಚಿರತೆ, ಬಾಲ ಇಳಿಬಿಟ್ಕೊಂಡು, ಸ್ಟುಡಿಯೋದಲ್ಲಿ ಕೂತ ಹಾಗೆ! ಕಂಪ್ಯೂಟರಲ್ಲಿ ಮಾಡಿದ್ದು ಅದು, ಬರೆದಿಟ್ಕೋ.

ಯಾಕೆ ನಗ್ತೀಯ? ಮಗು ವಿಷಯ ಕಣೋ ಇದು. ನಮ್ಮ ಅನ್ವಿತಾ ಇಡೀ ವರ್ಷ ಚಿರತೆ, ಚಿರತೆ ಅಂತ ಜಪ ಮಾಡಿದ್ಲು. ವಾಪಸ್ ಬರೋವಾಗ ವಿಮಾನದಲ್ಲಿ ಒಂದೇ ಸಮ ಅಳು. ನಾನೇ ಸಮಾಧಾನ ಮಾಡಿದೆ... ಆ ಕಾಡಲ್ಲಿ ಚಿರತೆನೇ ಇಲ್ಲ ಪುಟ್ಟಿ, ಅಪ್ಪ ಕಣ್ಣು ಮಿಟುಕಿಸದೆ ಹುಡುಕಿದ್ದೀನಿ ಅಂತ. ಶನಿವಾರ ನೀನು ಇದನ್ನ ದೊಡ್ಡ ಪರದೆ ಮೇಲೆ ಹಾಕಿದ್ರೆ ಅವಳ ಗತಿ? ತೆಗೆದುಬಿಡು, ಪುಣ್ಯ ಬರುತ್ತೆ.

ಹ್ಞಾ? ಜೀಪಾ? ಇಲ್ಲಪ್ಪ, ಎಲ್ಲೂ ನಿಲ್ಲಿಸಿಲ್ಲ. ತಿಂಡಿನಾ? ತಿಂಡಿ... ಓಡೋ ಜೀಪಲ್ಲೇ.

ಏನದು ಫೋನಲ್ಲಿ? ಅದೇ ಫೋಟೋನಾ? ಚಿರತೆ ಮೇಲಿದೆ ಕಣೋ, ನೀನ್ಯಾಕೆ ಕೆಳಗೆ ಎಳೀತೀಯ? ಕೆಳಗೇನಿದೆ, ಹುಲ್ಲು... ಯಾವುದೋ ಜೀಪು... ಹಳದಿ ಮಂಕಿ ಕ್ಯಾಪ್ ಏನು ನಾನೊಬ್ನೇ ಹಾಕ್ತೀನಾ ಪ್ರಪಂಚದಲ್ಲಿ? ಸ್ಟೀಲ್ ಡಬ್ಬಿ ಯಾರ ಹತ್ರ ಇರಲ್ಲ?

ಭಾಸ್ಕರ.

ಆ ಫೋನ್ ಆಚೆ ಇಡೋ.

...ಹೂಂ. ನಾನೇ. ಡ್ರೈವರ್ ಜೋಸೆಫು ರೇಡಿಯೋಗೆ ಕಿವಿ ಕೊಟ್ಕೊಂಡು 'ಲೆಪರ್ಡ್, ಲೆಪರ್ಡ್, ಇಲ್ಲೇ ಎಲ್ಲೋ' ಅಂತಿದ್ದ. ಮೊದಲು ಪುಳಿಯೋಗರೆ, ಆ ಗರಗರ ಆಫ್ ಮಾಡಪ್ಪಾ, ಒಳ್ಳೇ ನೆರಳು ನೋಡಿ ನಿಲ್ಲಿಸು ಅಂದೆ. ಮರ ಆರಿಸಿದ್ದೂ ನಾನೇ. ಡಬ್ಬಿಗೆ ಮೇಲಿಂದ ಎಲೆ ಉದುರ್ತಿತ್ತು. ಅನ್ವಿತಾ ಎದ್ದು ನಿಂತು ನೋಡ್ತೀನಿ ಅಂದ್ಲು... ಕೂತ್ಕೊಂಡು ತಿನ್ನು ಅಂತ ಗದರಿ, ಜೀಪಿನ ಮೇಲಿನ ಮುಚ್ಚಳಾನೂ ಹಾಕಿಸಿಬಿಟ್ಟೆ. ದೂರದಲ್ಲಿ ರಾಜಗೋಪಾಲ ಎರಡೂ ಕೈ ಬೀಸ್ತಿದ್ದ. ನಾನೂ ಬೀಸಿದೆ.

ಮನೇಲಾ? ಗೊತ್ತಾಗದೆ ಏನು! ನಿನ್ನೆ ಸಂಜೆ ನಿಮ್ಮ ಅತ್ತಿಗೆ ಪ್ರಫುಲ್ಲಾನೂ ನಿನ್ನ ಹಾಗೇ ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡಿದ್ಲು. ಬೈಲಿಲ್ಲ ಕಣೋ. ಬೈದಿದ್ರೆ ಚೆನ್ನಾಗಿತ್ತು. ಫೋನ್ ನನ್ನ ಕೈಗಿಟ್ಟು ಅಂದ್ಲು, "ಶನಿವಾರ ಬೇಗ ಹೋಗಿ ಮುಂದಿನ ಸಾಲಲ್ಲೇ ಕೂತ್ಕೊಳ್ಳೋಣ ರೀ. ಪಾಪ, ಮಗು ಇನ್ನೂ ಚಿರತೆ ನೋಡಿಲ್ಲ."