ರೈಟರನನ್ನು ಸಾಕ್ಷಿಗೆ ನಿಲ್ಲಿಸಿದ ಗಂಗಾಮಣಕ್ಕ

ವನಗೂರಿನ ಹಿರಿಯರೇ, ಎಸ್ಟೇಟ್ ಕೂಲಿಯವರ ಲೈನ್ ಮನೆಗಳಿಂದ ಬಂದ ಅಕ್ಕತಂಗಿಯರೇ, ಮುಂದೆ ಕೂತಿರುವ ಗಂಗಾಮಣಕ್ಕನ ಯಜಮಾನರು ನಂಜುಂಡಣ್ಣ, ಮಗಳು ತನುಜಾ — ಎಲ್ಲರಿಗೂ, ಎಸ್ಟೇಟಿನಲ್ಲಿ ಹಾಜರಿ-ಲೆಕ್ಕ ಬರೆಯುತ್ತಿದ್ದ ಈ ರೈಟರ್ ಚಂದ್ರಶೇಖರನ ನಮಸ್ಕಾರ. ನಮ್ಮನ್ನು ಬಿಟ್ಟುಹೋದ ಗಂಗಾಮಣಕ್ಕನನ್ನು ಹೊಗಳುವ ಯೋಗ್ಯತೆ ನನಗಿಲ್ಲ. ಕೈಮುಗಿದು ಹೋಗೋಣ ಅಂತ ಬಂದೆ.

ನಿಮಗೆ ಗೊತ್ತಲ್ಲ — ನಮ್ಮ ಎಸ್ಟೇಟನ್ನು ಹೊರದೇಶದ ಕಂಪನಿ ಕೊಂಡ ಮೇಲೆ ಗಿಡದ ಹುಳಕ್ಕೆ ಹೊಡೆಯುವ ಹೊಸ ಔಷಧಿ ಬಂತು. ಅವರ ದೇಶದಲ್ಲಿ ಹೊಡೆಯುವಂತಿಲ್ಲದ ಔಷಧಿ! ಇಲ್ಲಿ ನಮ್ಮ ಹೆಣ್ಣುಮಕ್ಕಳು ಬರಿಗೈಯಲ್ಲಿ ಕಲಸಿದರು, ಹೊಡೆದರು. ಗಂಗಾಮಣಕ್ಕನಿಗೆ ಮೊದಲು ಕೆಮ್ಮು, ಆಮೇಲೆ ಉಸಿರಾಡುವುದೇ ಕಷ್ಟ. ಹಾಸನದ ವಕೀಲರೊಬ್ಬರ ನೆರವಿನಿಂದ ಹನ್ನೊಂದು ಜನ ಆ ದೇಶದ ಕೋರ್ಟಿಗೇ ಹೋದರು. ಕಂಪನಿಯವರು ಅಲ್ಲಿ ಒಂದು ಕಾಗದ ತೋರಿಸಿದರು — ಎಲ್ಲರಿಗೂ ಗ್ಲೌಸ್, ಮಾಸ್ಕ್ ಕೊಟ್ಟಿದ್ದೇವೆ, ಇಗೋ ಹೆಬ್ಬೆಟ್ಟು!

ಆ ಕಾಗದ ಬರೆದವನು — ನಾನು. ಹೌದು, ನಾನೇ. ಬೆಳಗ್ಗೆ ಹಾಜರಿ ಹೊತ್ತಿನಲ್ಲಿ ಖಾಲಿ ಹಾಳೆ ಚಾಚಿದೆ. ರೈಟರ್ ಕೇಳಿದರಲ್ಲ ಅಂತ ಎಲ್ಲರೂ ಹೆಬ್ಬೆಟ್ಟು ಒತ್ತಿದಿರಿ. ಏನಿದು ಅಂತ ಒಬ್ಬರೂ ಕೇಳಲಿಲ್ಲ. ಮ್ಯಾನೇಜರ್ ಹೇಳಿದ್ದನ್ನು ಆಮೇಲೆ ಹೆಬ್ಬೆಟ್ಟಿನ ಮೇಲ್ಗಡೆ ತುಂಬಿದೆ.

ಇದು ನನ್ನ ಬರಹ ಅಂತ ಗೊತ್ತಾದ ದಿನವೇ ಗಂಗಾಮಣಕ್ಕ ನನ್ನ ಮನೆ ಬಾಗಿಲಿಗೆ ಬಂದಳು. ಬೈತಾಳೆ ಅಂತ ನಾನು ಒಳಗೇ ಕೂತಿದ್ದೆ — ಎಂಥಾ ಗಂಡಸು ನೋಡಿ!

"ಹೊರಗ್ ಬನ್ನಿ ರೈಟ್ರೇ, ಹೊಡಿಯಾಕಿಲ್ಲ ಕಣ್ರೀ," ಅಂದಳು. ಮೆಟ್ಟಿಲ ಮೇಲೆ ಕೂತು, ಉಸಿರು ಎಳೆದುಕೊಂಡು — "ನಾವ್ ಹೇಳುದ್ರೆ ಅವ್ರು ನಂಬಲ್ಲ. ಬರ್ದೋರು ನೀವು, ನೀವೇ ಹೇಳ್ಬುಡಿ. ಕೆಲ್ಸ ಹೋದ್ರೆ ಹೋಗ್ಲಿ, ನಮ್ಮನೇಲಿ ಮುದ್ದೆ ಐತೆ."

ಹೇಳಿದೆ. ವಕೀಲರ ಆಫೀಸಿನಲ್ಲಿ, ವಿಡಿಯೋ ಮುಂದೆ. ಪಕ್ಕದಲ್ಲಿ ಅವಳಿದ್ದಳು. ಕೆಲಸ ಹೋಯಿತು — ಮುದ್ದೆ ನಿಜವಾಗಿಯೂ ಬಂತು, ಸೊಪ್ಪಿನ ಸಾರಿನ ಜೊತೆ! ಈ ಕೇಸಿಗೆ ಕಂಪನಿ ತನ್ನ ದೇಶದ ಕೋರ್ಟಿನಲ್ಲೇ ಉತ್ತರ ಕೊಡಬೇಕು ಎಂದು ಹೋದ ತಿಂಗಳು ಆ ಕೋರ್ಟು ಹೇಳಿತು. ಆ ಸುದ್ದಿ ಕೇಳಿಸಿಕೊಂಡೇ ಹೋದಳು. ಗಂಗಾಮಣಕ್ಕಾ, ನನಗೆ ಮತ್ತೆ ಕನ್ನಡಿ ನೋಡುವ ಮುಖ ಕೊಟ್ಟೆ ನೀನು. ನಿನ್ನ ಉಪಕಾರ ಮರೆಯಲಾರೆ ತಾಯಿ.

ಮುಖ್ಯ ವಿಚಾರಣೆ ಇನ್ನು ಶುರುವಾಗಬೇಕು. ಆ ಹಾಳೆಯಲ್ಲಿ ಹೆಬ್ಬೆಟ್ಟು ಒತ್ತಿದವರು ನಲವತ್ತು ಜನ. ಬಾಯಿ ಬಿಟ್ಟವರು ಹನ್ನೊಂದು — ಈಗ ಹತ್ತು. ಉಳಿದವರು ಇಲ್ಲೇ ಇದ್ದೀರಿ. ನಿಮ್ಮ ಭಯ ನನಗೆ ಗೊತ್ತು, ನನಗೂ ಇತ್ತು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಅವಳಿಗಾಗಿ ಎರಡು ನಿಮಿಷ ಮೌನ. ಮುಗಿದ ಮೇಲೆ ಕೂರುವವರು ಕೂರಿ, ನನಗೆ ಬೇಸರವಿಲ್ಲ. ಸಾಕ್ಷಿ ಹೇಳುತ್ತೇನೆ ಅನ್ನುವವರು ಮಾತ್ರ — ನಿಂತೇ ಇರಿ.